ಹೂಂ ಅನ್ನುವವಳು

ಹೂಂ ಅನ್ನುವವರಿಲ್ಲದೆ ಕಥೆ ಹೇಳಬಾರದು ಎಂಬುದು ನಮ್ಮ ಕಡೆಯ ಹಳೆಯ ಪದ್ಧತಿ. ಹೇಳುವವರು ಒಂದು ಮಾತು ಮುಗಿಸಿದ ಕೂಡಲೇ ಕೇಳುವವರಲ್ಲಿ ಒಬ್ಬರು ‘ಹೂಂ’ ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಕೇಳುತ್ತಲೇ ಬೆಳೆದ ನಾವೇ, ಕೈಗೆ ಮೈಕು ಬಂದ ಮೇಲೆ, ಆ ಹೂಂ ಬೇಡವೆಂದು ಕತ್ತರಿಸಿ ಹಾಕಿದೆವು.

ನಮ್ಮದೊಂದು ಹೆಂಗಸರ ಗುಂಪು. ತುಮಕೂರಿನವರು ಕೆಲವರು, ಗುಬ್ಬಿ ಕುಣಿಗಲ್ಲಿನವರು ಕೆಲವರು. ಪಂಡಿತರು ಯಾರೂ ಇಲ್ಲ. ನಾನಂತೂ ತುಮಕೂರಿನಲ್ಲಿ ಬ್ಲೌಸ್ ಹೊಲಿಯುವವಳು. ನಮ್ಮ ನಮ್ಮ ಕೇರಿಯ ಕಥೆ, ಹಾಡು, ಶಾಸ್ತ್ರಗಳನ್ನು ನಾವೇ ವಿಚಾರಿಸಿ, ನಾವೇ ರೆಕಾರ್ಡ್ ಮಾಡಿ, ಪಾಡ್‌ಕಾಸ್ಟಿನಲ್ಲಿ ಎಲ್ಲರಿಗೂ ಕೇಳಿಸುತ್ತೇವೆ. ಹೊರಗಿನಿಂದ ಬಂದ ಸಂಶೋಧಕರು ಬೇಕಾದ್ದನ್ನೆಲ್ಲ ತುಂಬಿಸಿಕೊಂಡು ಹೋಗಿ ಮತ್ತೆ ಈ ಕಡೆ ತಲೆ ಹಾಕದ್ದನ್ನು ನೋಡಿ ನಮಗೆ ರೋಸಿಹೋಗಿತ್ತು. ಅದಕ್ಕೇ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೆವು: ದನಿ ಯಾರದೋ, ಮಾತು ಅವರದೇ ನಡೆಯಬೇಕು. ಹೊರಗೆ ಬಿಡುವ ಮೊದಲು ಅವರ ಮನೆಯಲ್ಲೇ ಕೂತು ಕೇಳಿಸಬೇಕು. ಬೇಡ ಅಂದದ್ದನ್ನು ತೆಗೆಯಬೇಕು. ತೆಗೆದದ್ದರ ಮೂಲವನ್ನೂ ಅವರೆದುರಿಗೇ ಅಳಿಸಬೇಕು. ಈ ನಿಯಮದ ಬಗ್ಗೆ ನನಗೆ ಎಲ್ಲಿಲ್ಲದ ಜಂಬವಿತ್ತು.

ಗುಬ್ಬಿಯ ಒಂದು ಮನೆಯಲ್ಲಿ ಅತ್ತಿಗೆ ನಾದಿನಿಯರಿಬ್ಬರು ಇದ್ದರು, ಇಬ್ಬರೂ ಅಜ್ಜಿಯರು. ಅತ್ತಿಗೆ ಕಥೆ ಹೇಳುವವರು. ಚಿಕ್ಕವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನಾದಿನಿ ಹೂಂ ಅನ್ನುವವರು. ಹಗಲೆಲ್ಲ ಹುಣಸೆಹಣ್ಣಿಗೆ, ಸ್ನಾನದ ಬಿಸಿನೀರಿಗೆ ಹಾವು ಮುಂಗುಸಿಯಂತೆ ಕಿತ್ತಾಡುತ್ತಿದ್ದವರು ಕಥೆಗೆ ಕೂತರೆ ಒಬ್ಬರ ಉಸಿರು ಇನ್ನೊಬ್ಬರದಾಗುತ್ತಿತ್ತು.

ಅವರಿಂದ ನಮಗೆ ಬೇಕಿದ್ದದ್ದು ಉಪ್ಪಿನ ಹೇರಿನ ಸೊಸೆಯ ಕಥೆ. ಎತ್ತಿನ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಬರುತ್ತಿದ್ದವರ ಹಿಂದೆ ನಡೆದು ಬಂದ ಒಬ್ಬ ಹೆಣ್ಣುಮಗಳು ಈ ಕೇರಿಯ ಮೊದಲ ಸೊಸೆಯಾದಳಂತೆ. ಕೇರಿಯವರೆಲ್ಲ ತಾವು ಅವಳ ವಂಶ ಅನ್ನುತ್ತಾರೆ. ಪೂರ್ತಿ ಕಥೆ ಬಲ್ಲವರು ಮಾತ್ರ ಅತ್ತಿಗೆಯಾದ ಈ ಅಜ್ಜಿ ಒಬ್ಬರೇ. ಅರ್ಧ ಕಥೆಯನ್ನು ನಾವು ರೆಕಾರ್ಡ್ ಮಾಡಿಕೊಂಡೆವು. ಸೊಸೆಯನ್ನು ಕೆರೆ ಏರಿಯ ಮೇಲೆ ಕೂರಿಸಿ ಗಂಡ ಊರೊಳಗೆ ಹೋದನು, ಹೋದವನು ಬರಲಿಲ್ಲ. ಅಲ್ಲಿಗೆ ಅಜ್ಜಿಗೆ ಕೆಮ್ಮು ಬಂತು. ಮಿಕ್ಕಿದ್ದು ಮುಂದಿನ ಸಲ ಅಂದರು.

ನಿಯಮದಂತೆ ಅವರ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತು ಕೇಳಿದೆವು. ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡರು.

“ಅಯ್ಯೋ, ಇದೇನವ್ವ ಇದು, ಎಮ್ಮೆ ಕೂಗ್ದಂಗೈತಲ್ಲ! ಊರೋರು ನಗಾಕಿಲ್ವಾ? ನಂದೆಲ್ಲ ತೆಗ್ದಾಕ್ಬುಡು.”

“ಇರ್ಲಿ ಬುಡೇ, ನಿನ್ ಎಮ್ಮೆ ಕಂಠ ಯಾರಿಗ್ ಗೊತ್ತಿಲ್ಲ” ಅಂದರು ಅತ್ತಿಗೆ.

ಎಲ್ಲರೂ ನಕ್ಕೆವು. ನಗದಿದ್ದರೆ ನಾದಿನಿ ಮನಸ್ಸು ಬದಲಾಯಿಸುತ್ತಿದ್ದರೋ ಏನೋ. ಆಮೇಲೆ ಅವರು ಹಟ ಬಿಡಲೇ ಇಲ್ಲ. ನಿಯಮ ನಿಯಮವೇ. ಒಂದೊಂದೇ ಹೂಂ ಕತ್ತರಿಸಿದೆ. ಮೂಲವನ್ನು ಅವರ ಕಣ್ಣೆದುರಿಗೇ ಅಳಿಸಿದೆ. ಹೂಂ ಇಲ್ಲದ ಕಥೆ ನೀಟಾಗಿ ಹೊರಗೆ ಹೋಯಿತು. ರೇಡಿಯೊದ ಹಾಗಿದೆ ಎಂದು ಕೇಳಿದವರು ಹೊಗಳಿದರು, ನಾನು ಉಬ್ಬಿದೆ.

ಮುಂದಿನ ಸಲ ಎಂಬುದು ಬರುವ ಮೊದಲೇ ನಾದಿನಿಗೆ ಜ್ವರ ಬಂತು. ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಮನೆಗೆ ವಾಪಸು ಬಂದದ್ದು ಹೆಣವೇ.

ತಿಥಿ ಎಲ್ಲ ಮುಗಿದ ಮೇಲೆ ಅಜ್ಜಿಯ ಸೊಸೆ ನನಗೆ ಫೋನ್ ಮಾಡಿದರು. “ಅಕ್ಕ, ನಮ್ಮತ್ತೆ ಬಾಯೇ ಬಿಡ್ತಿಲ್ಲ. ಉಣ್ಣಾಕೂ ಇಲ್ಲ. ಬಂದು ಒಂದಿಷ್ಟು ಕಥೆ ಹೇಳ್ಸಿ, ಜೀವ ಬಂದಂಗಾಯ್ತದೆ.” ನಾನು ಓಡಿದೆ. ಅಜ್ಜಿಯ ಎದುರು ಕೂತು, ಉಪ್ಪಿನ ಹೇರಿನ ಸೊಸೆ ಏರಿ ಮೇಲೆ ಕೂತಿದ್ದಳಲ್ಲ ಅಜ್ಜಿ, ಆಮೇಲೆ? ಅಂದೆ. ಅವರು ಒಂದು ಮಾತು ಹೇಳಿದರು. ನಾನು ಹೂಂ ಅಂದೆ. ಅಜ್ಜಿ ನನ್ನ ಮುಖ ನೋಡಿದರು.

“ಬ್ಯಾಡ ಬುಡವ್ವ. ನಿಂದು ಬೇಗ ಮುಗೀಲಿ ಅನ್ನೋ ಹೂಂ.”

ಅಜ್ಜಿಯ ಸೊಸೆ ಹೂಂ ಅಂದು ನೋಡಿದರು, ಆಗಲಿಲ್ಲ. ಗುಂಪಿನ ಇನ್ನೊಬ್ಬಳು ಅಂದಳು, ಆಗಲಿಲ್ಲ. ಕೊನೆಗೆ ಅಜ್ಜಿಯೇ ನನ್ನ ಕೈ ಹಿಡಿದುಕೊಂಡರು. “ಅವ್ಳ ಹೂಂ ನಿನ್ ಫೋನಾಗೈತಲ್ಲ, ಅದುನ್ನ ಹಾಕು ಮಗ. ನಾನು ಹೇಳ್ತೀನಿ. ಹೇಳ್ದೆ ಸತ್ರೆ ಆ ಹೆಣ್ಣು ಏರಿ ಮ್ಯಾಲೇ ಕುಂತಿರ್ತಾಳೆ.”

ಅಳಿಸಿದ ಮೇಲೆ ಅದು ಎಲ್ಲೂ ಉಳಿಯುವುದಿಲ್ಲ ಎಂಬುದು ಅಜ್ಜಿಗೆ ಗೊತ್ತಿರಲಿಲ್ಲ. ತರುತ್ತೇನೆ ಅಂದುಬಿಟ್ಟೆ. ಇಲ್ಲ ಅನ್ನುವ ಗುಂಡಿಗೆ ನನಗಿರಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ನಾನು ಹುಡುಕಲು ಹೊರಟೆ. ಫೋನ್ ರಿಪೇರಿಯವನು ಅಳಿಸಿದ್ದು ಬರುವುದಿಲ್ಲ ಅಂದ. ಇನ್ನೊಬ್ಬನೂ ಅದನ್ನೇ ಅಂದ. ನಾದಿನಿಯ ಮಗಳು ಕುಣಿಗಲ್ಲಿನಲ್ಲಿದ್ದಾಳೆ ಎಂದು ಬಸ್ ಹತ್ತಿದೆ. ಆಕೆ ತನ್ನ ಫೋನನ್ನೆಲ್ಲ ಜಾಲಾಡಿದಳು. ಒಂದು ಮದುವೆಯ ವಿಡಿಯೊದಲ್ಲಿ ತಾಯಿ ಇದ್ದರು. ಅದರ ತುಂಬ ಬ್ಯಾಂಡ್‌ಸೆಟ್ಟಿನ ಗದ್ದಲ. “ನಮ್ಮವ್ವ ಫೋನ್ ಕಂಡ್ರೆ ಬಾಯ್ ಮುಚ್ಕೊಂಡ್ಬುಡೋಳು ಅಕ್ಕ” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ನಿಮ್ ಹತ್ರಾನೂ ಇಲ್ವಾ?” ನಾನು ಆ ಮನೆಯಲ್ಲಿ ಅತ್ತುಬಿಟ್ಟೆ. ತಾಯಿ ಸತ್ತವಳು ನನಗೆ ನೀರು ತಂದುಕೊಟ್ಟಳು.

ನಿಯಮ ಮಾಡಿದ್ದು ತಪ್ಪೇ? ಅಲ್ಲ. ಆಕೆಯ ದನಿ, ಆಕೆ ಬೇಡ ಅಂದರು. ಇವತ್ತು ಕೇಳಿದರೂ ಅಳಿಸಲೇಬೇಕು. ಅದು ಗೊತ್ತಿದ್ದೂ ವಾಪಸು ಬರುವ ಬಸ್ಸಿನಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಸತ್ತವರ ಮೇಲೂ.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು. ನಾವೇ ಹೊರಗೆ ಬಿಟ್ಟ ಕಂತನ್ನು ಕಿವಿಗೆ ಹಾಕಿಕೊಂಡು ಕೇಳುತ್ತಿದ್ದೆ. ಗಂಡ ಊರೊಳಗೆ ಹೋದನು ಎನ್ನುವಲ್ಲಿ ಅತ್ತಿಗೆಯ ಮಾತಿನ ಬಾಲಕ್ಕೆ ನಾದಿನಿಯ ಹೂಂ ಅಂಟಿಕೊಂಡಿತ್ತು. ಕತ್ತರಿಸುವಾಗ ಅದೊಂದು ನನ್ನ ಕಿವಿ ತಪ್ಪಿಸಿ ಉಳಿದುಬಿಟ್ಟಿತ್ತು. ಅದನ್ನೇ ಬಿಡಿಸಿ ಬೇರೆ ಮಾಡಿಕೊಂಡೆ. ಇದ್ದಬದ್ದ ದೇವರಿಗೆಲ್ಲ ಕೈ ಮುಗಿದು ಮಾರನೆಯ ಬೆಳಿಗ್ಗೆಯೇ ಗುಬ್ಬಿಗೆ ಹೋದೆ.

ಅಜ್ಜಿ ಗೋಡೆಗೆ ಒರಗಿ ಕೂತರು. ನಾನು ಫೋನ್ ಒತ್ತಿದೆ. ಹೂಂ. ಅಜ್ಜಿಯ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. “ಬಂದ್ಯೇನೇ, ಮೂದೇವಿ” ಅಂದರು. ಸೆರಗು ಸರಿಮಾಡಿಕೊಂಡು ಶುರು ಮಾಡಿದರು.

“ಹೊತ್ತು ಮುಳುಗ್ತಾ ಬಂತು.”

ಒತ್ತಿದೆ. ಹೂಂ.

“ಕೆರೆ ನೀರು ಕಪ್ಪಗಾಯ್ತು.”

ಹೂಂ.

“ಹಿಂದ್ಗಡೆಯಿಂದ ಯಾರೋ ಬಂದು ಅವ್ಳ ಭುಜದ ಮ್ಯಾಲೆ ಕೈ ಇಟ್ರು.”

ಹೂಂ.

ಅಜ್ಜಿ ನಿಲ್ಲಿಸಿದರು. ಫೋನನ್ನೇ ನೋಡಿದರು. ಇನ್ನೊಮ್ಮೆ ಒತ್ತಿದೆ. ಅದೇ ಹೂಂ, ಗಂಡ ಊರೊಳಗೆ ಹೋದ ಹೂಂ.

“ಇಲ್ಲ ಕಣವ್ವ. ಭುಜದ ಮ್ಯಾಲೆ ಕೈ ಇಟ್ರು ಅಂದ್ರೆ ನನ್ ನಾದ್ನಿ ಬೆಚ್ಬೀಳೋಳು. ಇವ್ಳು ಕೇಳಿಸ್ಕೊಂತಿಲ್ಲ” ಅಂದರು. ಫೋನನ್ನು ನನ್ನ ಕಡೆ ಸರಿಸಿ, ಗೋಡೆಯ ಕಡೆ ತಿರುಗಿ ಮಲಗಿದರು.