ಅಳಿಸಿದ ಗುರುತುಗಳ ಓಣಿಯಲ್ಲಿ ಜೋಹರಾ

ಬೆಳಗಿನ ಆರು ಗಂಟೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ಎದ್ದಿಲ್ಲ. ಆಶಾ ಕಾರ್ಯಕರ್ತೆ ಜೋಹರಾ ಒಂದು ಬಾಗಿಲ ಮುಂದೆ ನಿಂತು ಚೌಕಟ್ಟನ್ನು ಬೆರಳಿನಿಂದ ಸವರುತ್ತಾರೆ. ಹೋದ ವಾರ ಅಲ್ಲಿ ಬಳಪದ ದುಂಡು ಗುರುತಿತ್ತು. ಈಗ ಒದ್ದೆ ಅರಿವೆಯಿಂದ ಒರೆಸಿದ ಕಲೆ ಅಷ್ಟೆ.

"ಒರಸಿದ್ದು ಇದು ಹನ್ನೊಂದನೇದ್ರಿ," ಜೊತೆಗೆ ಬಂದ ನನಗೆ ಅನ್ನುತ್ತಾರೆ.

ಆ ಗುರುತು ಅವರದೇ. ಬಿಪಿ ಗುಳಿಗೆ ನುಂಗುವವರಿರುವ ಮನೆ ತಪ್ಪದಿರಲಿ ಎಂದು ಬರೆದದ್ದು. ಓಣಿಯಲ್ಲಿ ಇನ್ನೂರ ಹತ್ತು ಮನೆ, ಗುರುತು ನಲವತ್ತಾರು, ಮನೆಗೊಬ್ಬರು ರೋಗಿ. ಹದಿನಾಲ್ಕು ವರ್ಷದಿಂದ ಜೋಹರಾ ಈ ಮನೆಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ. ಅಂಗಾಲಿನಲ್ಲಿ ಆಣಿ ಎದ್ದಿದೆ.

ಯುಗಾದಿಯಿಂದೀಚೆಗೆ ಓಣಿಯಲ್ಲಿ ಏಳು ಜನ ತೀರಿಕೊಂಡರು. ಯಾರೋ ಎಣಿಸಿದರು: ಐದು ಸಾವು ಗುರುತಿನ ಮನೆಗಳಲ್ಲಿ. ಗುಳಿಗೆಯೇ ಕೊಲ್ಲುತ್ತದೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು.

"ಲೆಕ್ಕ ಸುಳ್ಳಲ್ರಿ. ನಾನೂ ಎಣಿಸಿದೆ, ಐದೇ ಬಂತು. ನಾ ಕೊಟ್ಟ ಗುಳಿಗಿ ಅಲ್ಲೇನ್ರಿ ಅವು?"

ಆಮೇಲೆ ಹಳೆಯ ವಹಿ ತೆಗೆದರು. ಐವರಲ್ಲಿ ನಾಲ್ವರು ಎಪ್ಪತ್ತು ದಾಟಿದವರು. ಇಬ್ಬರಿಗೆ ಗುಳಿಗೆ ಶುರುವಾಗುವ ಮೊದಲೇ ಲಕ್ವಾ ಹೊಡೆದಿತ್ತು. "ಜಡ್ಡಾದವ್ರಿಗೇ ಗುಳಿಗಿ ಕೊಡೋದು. ಸಾವು ಆ ಮನ್ಯಾಗ ಹೆಚ್ಚಿಲ್ದ ಮತ್ತೆಲ್ಲಿ ಹೆಚ್ಚಿರ್ತಾವ್ರಿ? ಆದ್ರ ಇದನ್ನ ಮಂದಿಗೆ ಹೆಂಗ ಹೇಳೋದು ಅಂತ ತಿಳೀವಲ್ದು."

ಬಾಗಿಲು ತೆರೆಯುತ್ತದೆ. ಗುರುಲಿಂಗವ್ವನಿಗೆ ಅರವತ್ನಾಲ್ಕು. ಗುಳಿಗೆ ಬಿಟ್ಟು ಇಪ್ಪತ್ತು ದಿನ. ಜೋಹರಾ ತೋಳಿಗೆ ಪಟ್ಟಿ ಸುತ್ತುತ್ತಾರೆ. ಯಂತ್ರ ನೂರಾ ಎಂಬತ್ತೆಂಟು ತೋರಿಸುತ್ತದೆ. ತುಸು ಹೊತ್ತು ಕೂರಿಸಿ ಮತ್ತೆ ಸುತ್ತುತ್ತಾರೆ. ನೂರಾ ತೊಂಬತ್ತೆರಡು.

"ಐದು ಹ್ವಾದ್ವು. ಆರನೇದು ನಾ ಆಗ್ಲೇನು?" ಗುರುಲಿಂಗವ್ವ ಕೈ ಎಳೆದುಕೊಳ್ಳುತ್ತಾಳೆ.

"ಯವ್ವಾ, ಖಾಸಿಂಸಾಬನ ಅಂಗಳದಾಗ ಮುರುಕ ಮಗ್ಗ ಎಷ್ಟದಾವು?"

"ಅಂವಾ ರಿಪೇರಿ ಮಾಡಾಂವಾ. ಅವನ ಅಂಗಳದಾಗ ಮುರುಕ ಇರದ ಹೊಸಾವು ಇರ್ತಾವೇನು?"

"ಹಂಗಾರ ಮಗ್ಗ ಮುರಿಯಾಂವಾ ಅವನೇ ಏನು?"

"ಮಾತಿನ್ಯಾಗ ಶ್ಯಾಣ್ಯಾಕಿ ಬಿಡು ನೀ." ಮುದುಕಿ ನಗುವುದಿಲ್ಲ. "ಅವನ ಕೈಯಾಗಿಂದ ಸೀದಾ ಒಲಿಗೆ ಹೋದ ಮಗ್ಗಾನೂ ನೋಡೇನಿ."

ಜೋಹರಾ ಪಟ್ಟಿ ಮಡಚಿ ಚೀಲಕ್ಕಿಡುತ್ತಾರೆ. "ಅದಾವು. ಗುಳಿಗಿ ನುಂಗಿದವ್ರು ಸಾಯಂಗೇ ಇಲ್ಲಂತ ನಾ ಹೇಳಾಂಗಿಲ್ಲ. ಆದ್ರ ನಿನ್ನ ಮಗ್ಗ ಮುರಿದ್ರ ಅವನ ಕಡೆ ಒಯ್ಯೋದು ಬಿಡ್ತಿಯೇನು?"

ಮುದುಕಿ ನೆಲದ ಕುಳಿಯಲ್ಲಿ ಹೂಡಿದ ಕುಣಿಮಗ್ಗದ ಕಡೆ ನೋಡುತ್ತಾಳೆ. ಅರ್ಧ ನೇಯ್ದ ಸೀರೆ ಹಾಗೇ ಇದೆ. ಎದ್ದು ತಂಬಿಗೆಯಲ್ಲಿ ನೀರು ತರುತ್ತಾಳೆ. ಗುಳಿಗೆ ಗಂಟಲಿಗಿಳಿಯುವ ತನಕ ಜೋಹರಾ ಕಣ್ಣು ತೆಗೆಯುವುದಿಲ್ಲ. ಸಂಜೆ ಮತ್ತೆ ಬಂದು ನೋಡುತ್ತೇನೆ, ಇಳಿಯದಿದ್ದರೆ ದವಾಖಾನೆಗೆ ಹೋಗೋಣ ಎಂದು ಹೇಳಿ ಬಳಪ ತೆಗೆಯುತ್ತಾರೆ.

"ಹೊರಗ ಬ್ಯಾಡ. ಮಂದಿ ಮತ್ತ ಎಣಸ್ತಾರ. ಕದದ ಹಿಂದ ಹಾಕು."

ಕದದ ಹಿಂದೆ ದುಂಡು ಗುರುತು ಬೀಳುತ್ತದೆ. ಒರೆಸಿದ ಬಾಗಿಲುಗಳು ಇನ್ನೂ ಹತ್ತು ಇವೆ. ಜೋಹರಾ ಚೀಲ ಹೆಗಲಿಗೇರಿಸುತ್ತಾರೆ.

"ಸತ್ತ ಐದು ಮಂದೀನ್ನ ಊರೆಲ್ಲಾ ಎಣಿಸ್ತು. ಗುರುತಿನ ಮನ್ಯಾಗ ಇವತ್ತೂ ಎದ್ದು ಚಹಾ ಕುಡಿಯಾವ್ರು ನಲವತ್ತೊಂದು ಮಂದಿ ಅದಾರ. ಅವ್ರನ್ನೂ ಯಾರರ ಒಮ್ಮೆ ಎಣಿಸ್ಲಿ, ಅಷ್ಟೇರಿ."