ತವರಿನ ಹೆಸರು ಹಿಡಿದು ಕರೆದ ದನಿ

ಹೆರಿಗೆಗೆ ಬಂದ ಹೆಣ್ಣಿನ ತವರನ್ನು ದಾಖಲಾತಿಯಿಂದ ಅಳಿಸಿಹಾಕಿದವರು ನೀವು. ಕಾಗದದ ಕಾಲ ಮುಗಿಯಿತೆಂದು ಸಾರಿ, ದೂರದ ಕಚೇರಿಯೊಂದರಲ್ಲಿ ಕುಳಿತು ಕಂಪ್ಯೂಟರಿನ ನಮೂನೆಯನ್ನು ರೂಪಿಸಿದ ಅಧಿಕಾರಿಗಳೇ, ನನ್ನ ಅಕ್ಕನ ಮೊದಲ ಮಗುವಿನ ಸಾವಿಗೆ ನೀವು ಹೊಣೆ. ಈ ಮಾತನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟು ಬರಲೆಂದು ಮೂರು ವರ್ಷ ಕಾದೆ, ಬರಲಿಲ್ಲ.

ಓದುಗರೆದುರು ಇನ್ನೊಂದನ್ನು ಒಪ್ಪಿಕೊಳ್ಳಬೇಕು. ದೆವ್ವ, ಅಶರೀರವಾಣಿಗಳನ್ನು ನಾನು ನಂಬಿದವನಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಅಂಥ ಕಥೆ ಹೇಳುವವರನ್ನು ಸಾಕ್ಷಿ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳಲಿರುವುದಕ್ಕೆ ಅವ್ವನೊಬ್ಬಳನ್ನು ಬಿಟ್ಟರೆ ನನಗೂ ಸಾಕ್ಷಿಯಿಲ್ಲ.

ನಮ್ಮೂರು ಗೊಳಸಂಗಿ, ಅಕ್ಕನನ್ನು ಕೊಟ್ಟದ್ದು ಯಂಕಂಚಿಗೆ. ಚೊಚ್ಚಲ ಹೆರಿಗೆ ತವರಿನದೆಂಬ ಪದ್ಧತಿಯಂತೆ ಆಕೆ ನಮ್ಮಲ್ಲಿಗೆ ಬಂದಿದ್ದಳು. ನೋವು ಕಾಣಿಸಿಕೊಂಡ ಮಧ್ಯಾಹ್ನ ಅವ್ವನೂ ನಾನೂ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದೆವು. ಯಾವ ಆಸ್ಪತ್ರೆಯೆಂದು ಬರೆಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಎಲ್ಲಿ ನಡೆದಿದ್ದರೂ ನನ್ನ ಪ್ರಶ್ನೆ ಬದಲಾಗುತ್ತಿರಲಿಲ್ಲ.

ಹಿಂದೆ ಅಲ್ಲಿ, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದ ಹಿರಿಯ ನರ್ಸ್ ಒಬ್ಬರಿದ್ದರು. ಅವರ ಕಾಲದಲ್ಲಿ ಹೆರಿಗೆಗೆ ಬಂದವಳನ್ನು ತವರೂರು ಮತ್ತು ತಾಯಿಯ ಹೆಸರಿನಿಂದ ಬರೆದುಕೊಳ್ಳುತ್ತಿದ್ದರು. ಹೊರಗೆ ಕಾಯುವವಳು ತಾಯಿಯಲ್ಲವೇ? ಏನಾದರೂ ಬೇಕಾದಾಗ ಬಾಗಿಲಿಗೆ ಬಂದು ಅದೇ ಹೆಸರನ್ನು ಕೂಗುತ್ತಿದ್ದರು. ಅಕ್ಕನೂ ನಾನೂ ಹುಟ್ಟಿದ್ದು ಅವರ ಕೈಯಲ್ಲೇ. ನಿವೃತ್ತರಾದ ಬಳಿಕ, ನಾವು ಅಕ್ಕನನ್ನು ಕರೆತರುವ ಹಿಂದಿನ ವರ್ಷವೇ, ಅವರು ತೀರಿಕೊಂಡಿದ್ದರು.

ಈಗ ಅಲ್ಲಿ ಹೊಸ ಕಂಪ್ಯೂಟರಿತ್ತು, ಅದಕ್ಕೆ ಹಚ್ಚಿದ ಕುಂಕುಮ ಇನ್ನೂ ಮಾಸಿರಲಿಲ್ಲ. ಅದರ ಮುಂದೆ ಕುಳಿತ ಹುಡುಗ ಗಂಡನ ಹೆಸರು, ಗಂಡನ ಊರು ಕೇಳಿದ.

"ಹಡ್ಯಾಕಿ ನನ್ನ ಮಗಳೋ, ಅಳಿಯನೋ? ಅವನ ಊರ ತಗೊಂಡ ಏನ್ ಮಾಡ್ತೀಪಾ?" ಎಂದಳು ಅವ್ವ.

"ತವರ ಹಾಕಾಕ ಇದರಾಗ ಜಾಗಾನ ಇಲ್ಲ ಯವ್ವಾ. ನನಗ್ಯಾಕ ಬೈತಿ, ಕಂಪ್ಯೂಟರಿಗೇ ಬೈ," ಎಂದು ಅವನು ನಕ್ಕ. ನಾವೂ ನಕ್ಕೆವು.

ಕರೆಯುವವರೆಗೆ ಒಳಗೆ ಬರಬಾರದೆಂದು ತಾಕೀತಾಗಿತ್ತು. ಅಂಗಳದ ಬೇವಿನ ಮರದಡಿ ಕುಳಿತೆವು. ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ಕೂಗು ಕೇಳಿತು: "ಯಂಕಂಚಿಯವರು ಯಾರದಾರ್ರಿ? ಯಂಕಂಚಿ!"

"ಅಳಿಯನ ಊರವರೂ ಯಾರೋ ಬಂದಾರ ನೋಡು. ಆಮ್ಯಾಲ ಮಾತಾಡಸೂಣು," ಎಂದಳು ಅವ್ವ. ನಾನೂ ಏಳಲಿಲ್ಲ. ಬಾಣಂತನಕ್ಕೆ ಬಂದ ಮಗಳು ಗೊಳಸಂಗಿಯವಳು. ಬೇರೆ ಊರಿನ ಹೆಸರು ನಮ್ಮದೆಂದು ಹೊಳೆಯಲೇ ಇಲ್ಲ. ಮತ್ತೊಮ್ಮೆ ಕೂಗಿದರು. ಆಮೇಲೆ ಕೂಗು ನಿಂತಿತು.

ಬಿಸಿಲು ಇಳಿದಿತ್ತು. ಆಗ ಹೆಂಗಸೊಬ್ಬಳ ಗಡಸು ದನಿ ತೀರ ಹತ್ತಿರದಲ್ಲೇ ಕೇಳಿಸಿತು: "ಗೊಳಸಂಗಿ ಶಾಂತವ್ವಾ, ಎಲ್ಲಿ ಹೋಗಿ ಕುಂತೀಯ? ಲಗೂನ ಒಳಗ ಬಾ!"

ತನ್ನ ಹೆಸರು ಕೇಳಿದ್ದೇ ಅವ್ವ ಎದ್ದು ಓಡಿದಳು; ಹಿಂದೆಯೇ ನಾನು. ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಎಳೆಯ ನರ್ಸ್ ಒಬ್ಬಳು ನಮ್ಮ ಮೇಲೆ ಹರಿಹಾಯ್ದಳು. "ಎಷ್ಟ ಕರೀಬೇಕ್ರಿ ನಿಮಗ? ಯಂಕಂಚಿ, ಯಂಕಂಚಿ ಅಂತ ಗಂಟಲ ಹರೀತು. ಸಹಿ ಇಲ್ಲದ ಬಿಜಾಪುರದ ದೊಡ್ಡ ದವಾಖಾನಿಗೆ ಹ್ಯಾಂಗ ಕಳಸೂದು?"

"ಈಗ ಶಾಂತವ್ವ ಅಂತ ನೀವ ಕರದ್ರೆಲ್ಲಾ?" ಎಂದಳು ಅವ್ವ.

"ಶಾಂತವ್ವ ಅಂದ್ರ ಯಾರ್ರಿ? ನಾವ್ಯಾರೂ ಕರದಿಲ್ಲ."

ನಾನು ಸಹಿ ಹಾಕಿದೆ. ಬಿಜಾಪುರದಲ್ಲಿ ಅಕ್ಕ ಉಳಿದಳು, ಮಗು ಉಳಿಯಲಿಲ್ಲ. ಕೂಗಿದಾಗಲೇ ಹೊರಟಿದ್ದರೆ ಅದೂ ಉಳಿಯುತ್ತಿತ್ತೆಂದು ಅಲ್ಲಿನ ವೈದ್ಯರು ಹೇಳಿದರು. ನಾನು ತಲೆಯಾಡಿಸಿದೆ. ಆಮೇಲೆ ಹೊರಗೆ ಹೋಗಿ ಎಲ್ಲರಿಗೂ ಚಹಾ ತಂದೆ.

ಆ ದನಿ ದೊಡ್ಡ ಸಿಸ್ಟರಿನದೇ ಎಂದು ಅವ್ವ ಅಂದೂ ಹೇಳಿದಳು, ಇಂದೂ ಹೇಳುತ್ತಾಳೆ. ನಾನು ಆ ದನಿಯನ್ನು ಮೊದಲು ಕೇಳಿರಲಿಲ್ಲ, ಹೌದೆನ್ನಲಾರೆ. ಮರದಡಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ. ಅವ್ವನ ಹೆಸರನ್ನು ಆ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಮನಸ್ಸಿನ ಭ್ರಮೆಯೆಂದರೆ, ಒಂದೇ ಭ್ರಮೆ ಒಂದೇ ಮಾತಿನಲ್ಲಿ ಇಬ್ಬರಿಗೆ ಹೇಗಾಯಿತು? ನನಗೆ ತಿಳಿಯದು.

ನಮ್ಮನ್ನು ಕರೆದವರು ಯಾರೆಂದು ನಿಮ್ಮನ್ನು ಕೇಳುವುದಿಲ್ಲ. ಸಂಬಳ ಪಡೆಯುವ ನಿಮ್ಮ ವ್ಯವಸ್ಥೆ ನಮ್ಮನ್ನು ನಮ್ಮ ಹೆಸರಿನಿಂದ ಏಕೆ ಕರೆಯಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕೆಂದೂ, ಆ ನಮೂನೆಯಲ್ಲಿ ತವರೂರಿಗೆ ಮತ್ತು ಜೊತೆಗೆ ಬಂದವರ ಹೆಸರಿಗೆ ಕೂಡಲೇ ಜಾಗ ಕಲ್ಪಿಸಬೇಕೆಂದೂ ವಿನಂತಿಸುತ್ತೇನೆ. ಅಕ್ಕ ಮತ್ತೆ ಬಸುರಿ. ಮೊದಲನೆಯದು ಉಳಿಯದ ಕಾರಣ ಈ ಸಲವೂ ತವರಿಗೇ ಬರುತ್ತಾಳೆ. ಅವ್ವ ಮತ್ತೆ ಅದೇ ಮರದಡಿ ಕುಳಿತಿರುತ್ತಾಳೆ.