ಇಬ್ಬರಿಗೆ ಒಂದೇ ಕೋಟು

ನನಗಾಗ ಹತ್ತು ವರ್ಷ. ಅರವತ್ತನಾಲ್ಕು ವರ್ಷದ ಹಿಂದಿನ ಮಾತು. ನೆನಪು ಮಾಡಿಕೊಳ್ಳಬೇಕೆಂದು ಕೂತದ್ದಲ್ಲ, ನುಸಿಗುಳಿಗೆಯ ವಾಸನೆ ಬಂತು, ಅಷ್ಟೆ. ಹೋದ ಭಾನುವಾರ ಈ ಪರದೇಶದ ಊರು ಕ್ಯಾಂಪ್‌ಬೆಲ್‌ನ ಮನೆಯಲ್ಲಿ ಮಗಳು ವನಜ ಗರಾಜಿನಿಂದ ಹಳೇ ಸೂಟ್‌ಕೇಸು ಎಳೆದು ತಂದು ಸ್ವೆಟರುಗಳನ್ನೆಲ್ಲ ನನ್ನ ಮುಂದೆ ಸುರಿದಳು. ನೇಪಾಳದ ಗುಡ್ಡದ ಮೇಲಿನ ಒಂದು ಶಾಲೆಯ ಮಕ್ಕಳಿಗಂತೆ. ಸ್ವೆಟರೂ ಕೊಡಬಹುದು, ಬೇಕಾದರೆ ಒಂದು ಮಗುವಿನ ಓದಿನ ಖರ್ಚನ್ನೂ ವಹಿಸಿಕೊಳ್ಳಬಹುದು ಎಂದು ಲಿವರ್‌ಮೋರ್ ದೇವಸ್ಥಾನದಲ್ಲಿ ಯಾರೋ ಅವಳಿಗೆ ಹೇಳಿದ್ದರು. ನಾನು ಮಡಿಚುತ್ತಿದ್ದೆ. ಮೊಮ್ಮಗಳು ದಿಯಾ ಲ್ಯಾಪ್‌ಟಾಪು ತೆರೆದು ಮಕ್ಕಳ ಫೋಟೋ ಒಂದೊಂದೇ ತೋರಿಸುತ್ತಿದ್ದಳು. ಶಾಲೆಗೆ ಎರಡು ಗಂಟೆ ನಡೆಯುತ್ತಾಳೆ, ದೊಡ್ಡವಳಾಗಿ ನರ್ಸ್ ಆಗುತ್ತಾಳೆ ಎಂದೆಲ್ಲ ಕೆಳಗೆ ಬರೆದಿತ್ತಂತೆ. ಎಲ್ಲರೂ ನರ್ಸೇ. ಚಿಕ್ಕಂದಿನಲ್ಲಿ ಬೋರ್ಡಿಂಗಿನಲ್ಲಿ ನಮಗೂ ಹಾಗೇ ಹೇಳಿಕೊಟ್ಟಿದ್ದರು. ನಾನು ಅಲ್ಲಿವರೆಗೆ ಒಬ್ಬ ನರ್ಸನ್ನೂ ನೋಡಿರಲಿಲ್ಲ. ಕೊನೆಗೆ ಇಬ್ಬರು ಹುಡುಗಿಯರು ಉಳಿದರು. ಒಬ್ಬಳು ಹಲ್ಲು ಬಿಟ್ಟು ನಗುತ್ತಿದ್ದಳು. ಇನ್ನೊಬ್ಬಳು ತುಟಿ ಬಿಗಿದು ನಿಂತಿದ್ದಳು, ಯಾರದೋ ಸ್ವೆಟರಿನ ತೋಳು ಅವಳ ಬೆರಳನ್ನೂ ಮುಚ್ಚಿತ್ತು. ಇವಳು ಆಗದಾ ಎಂದು ಕೇಳಿದೆ.

"ಶೀ ಲುಕ್ಸ್ ಮ್ಯಾಡ್, ಅಜ್ಜಿ," ಎಂದಳು ದಿಯಾ. ಸಿಟ್ಟಿನವಳ ಹಾಗೆ ಕಾಣುತ್ತಾಳಂತೆ.

ನಾನಿದ್ದದ್ದು ಉಡುಪಿಯಿಂದ ಆಚೆ, ಒಂದು ಧರ್ಮಾರ್ಥ ಬೋರ್ಡಿಂಗಿನಲ್ಲಿ. ಅಪ್ಪ ಸತ್ತ ಮೇಲೆ ಅಮ್ಮ ನನ್ನನ್ನು ಅಲ್ಲಿ ಬಿಟ್ಟು ತಾನು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಮನೆ ಎಂದರೆ ನನಗೆ ನೆನಪಿಗೆ ಬರುವುದು ಆ ಬೋರ್ಡಿಂಗೇ. ಹದಿನಾಲ್ಕು ಹುಡುಗಿಯರು, ಒಂದು ಉದ್ದ ಕೋಣೆ, ಎಲ್ಲರ ತಲೆಗೂ ಒಂದೇ ಬಾಟಲಿ ತೆಂಗಿನೆಣ್ಣೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯ ಹಬೆ, ಸುತ್ತಿಟ್ಟ ಚಾಪೆಗಳ ವಾಸನೆ, ಸ್ಲೇಟು ಒರೆಸಲು ಕಿತ್ತು ತಂದ ನೀರುಕಡ್ಡಿಯ ಹಸಿ ವಾಸನೆ. ನಿಮ್ಮಲ್ಲೂ ಕೆಲವರಿಗೆ ಅಂಥ ಒಂದು ಕೋಣೆ ಇದ್ದೀತು, ಈಗ ಇಲ್ಲದ್ದು. ಸುಂದರಿ ನನ್ನ ಪಕ್ಕ ಮಲಗುತ್ತಿದ್ದಳು. ಸ್ಲೇಟು ನಮ್ಮಿಬ್ಬರಿಗೆ ಒಂದೇ. ಆ ಬದಿ ಅವಳದು, ಈ ಬದಿ ನನ್ನದು. ನನ್ನ ಅಕ್ಷರ ಅವಳದಕ್ಕಿಂತ ಚೆಂದ. ಜಂಬಕ್ಕೆ ಹೇಳುವುದಲ್ಲ, ಟೀಚರೇ ಹೇಳಿದ್ದು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಕಲ್ಯಾಣಿ ಟೀಚರು ಬೈಯುತ್ತಿದ್ದರು, ಹೇನು ಹೆಕ್ಕುತ್ತಿದ್ದರು, ಜ್ವರ ಬಂದರೆ ಕಾಲ ಬಳಿ ಕೂರುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ.

ಬೋರ್ಡಿಂಗಿನಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ನಾಲ್ಕನೇ ಕ್ಲಾಸಿನವರೆಗೆ. ಮುಂದೆ ಓದಬೇಕಾದರೆ ಯಾರಾದರೂ ಉಳ್ಳವರು ವಹಿಸಿಕೊಳ್ಳಬೇಕು. ಆ ವರ್ಷ ಪರದೇಶದ ಒಬ್ಬ ಮುದುಕಿ, ಒಬ್ಬಳನ್ನು ಓದಿಸುತ್ತೇನೆ, ಫೋಟೋ ಕಳಿಸಿ, ನೋಡಿ ಹೇಳುತ್ತೇನೆ ಎಂದು ಬರೆದಳು. ನಾಲ್ಕನೆಯಲ್ಲಿದ್ದದ್ದು ನಾವಿಬ್ಬರೇ. ಅವಳು ಕಳಿಸಿದ ಬಟ್ಟೆಯ ಪೆಟ್ಟಿಗೆಯಲ್ಲಿ ಒಂದು ಕೆಂಪು ಉಣ್ಣೆಯ ಕೋಟು ಇತ್ತು, ಜೇಬಿನಲ್ಲಿ ನುಸಿಗುಳಿಗೆ ಸಮೇತ. ಇಬ್ಬರೂ ಅದನ್ನೇ ಹಾಕಿಕೊಳ್ಳಿ, ಭೇದ ಬೇಡ ಎಂದರು ಟೀಚರು. ಏಪ್ರಿಲ್ ತಿಂಗಳು. ನಮ್ಮ ಕಡೆಯ ಏಪ್ರಿಲ್ ಗೊತ್ತುಂಟಲ್ಲ, ಮೈಮೇಲಿನ ಲಂಗವೇ ಭಾರ. ಮೊದಲು ಸುಂದರಿ ಬಿಸಿಲಿಗೆ ನಿಂತಳು. ಆಮೇಲೆ ಅವಳ ಬೆವರಿನಲ್ಲಿ ಒದ್ದೆಯಾದ ಕೋಟನ್ನು ನನಗೆ ತೊಡಿಸಿ ಕುತ್ತಿಗೆವರೆಗೆ ಗುಂಡಿ ಹಾಕಿದರು. ತುರಿಕೆ ಸೊಪ್ಪು ತಾಗಿದ ಹಾಗೆ ಕಡಿಯುತ್ತಿತ್ತು. ಫೋಟೋದವನು ನಗು ಎಂದ.

"ಎಂತಕ್ಕೆ?" ಎಂದು ಕೇಳಿದೆ.

ಟೀಚರಿಗೇ ನಗು ಬಂತು. ನನಗೆ ಬರಲಿಲ್ಲ. ಅಷ್ಟರಲ್ಲಿ ಫೋಟೋ ಆಗಿಹೋಗಿತ್ತು.

ಶಾಲೆ ತೆರೆಯುವ ಹೊತ್ತಿಗೆ ಕಾಗದ ಬಂತು. ಆ ನಗುವ ಮಗುವನ್ನು ಓದಿಸಿ ಎಂದು ಬರೆದಿದ್ದಾರೆ ಎಂದರು ಟೀಚರು. ನನ್ನ ತಲೆ ಸವರಲು ಬಂದರು, ನಾನು ತಪ್ಪಿಸಿಕೊಂಡೆ. ಸಂಜೆ ಬಾವಿಕಟ್ಟೆಯಲ್ಲಿ ಸುಂದರಿ ಅಳುತ್ತಾ ನನ್ನ ಭುಜ ಹಿಡಿದುಕೊಂಡಳು.

"ನಾನು ನಗಾಡಿದ್ದಲ್ಲ ಮಾರಾಯ್ತಿ. ಕೋಟು ಚುಚ್ಚುತ್ತಿತ್ತು, ಹಲ್ಲು ಕಚ್ಚಿ ನಿಂತದ್ದು."

ಹಾಗಾದರೆ ಪಾಸಾದದ್ದು ನಿನ್ನ ಹಲ್ಲು ಎಂದೆ. ಅಳುವಿನ ನಡುವೆಯೇ ಅವಳು ನಕ್ಕುಬಿಟ್ಟಳು. ಆ ನಗುವಿನ ಫೋಟೋ ಯಾರೂ ತೆಗೆಯಲಿಲ್ಲ.

ಸುಂದರಿ ಓದಿ ಟೀಚರಾದಳು. ಈಗ ಅವಳಿಲ್ಲ, ಕಲ್ಯಾಣಿ ಟೀಚರಿಲ್ಲ. ಬೋರ್ಡಿಂಗು ಇದ್ದಲ್ಲಿ ಮದುವೆ ಹಾಲ್ ಉಂಟು, ಬಾವಿಗೆ ಸಿಮೆಂಟಿನ ಮುಚ್ಚಳ. ಇದನ್ನು ನಾನು ವನಜಳಿಗೂ ಹೇಳಿರಲಿಲ್ಲ. ಭಾನುವಾರ ಹೇಳಿದೆ, ಸ್ವೆಟರು ಮಡಿಚುತ್ತಲೇ, ಸುತ್ತಿಬಳಸದೆ. ದಿಯಾಗೆ ಕನ್ನಡ ಆಡಲು ಕಷ್ಟ, ಆದರೆ ಅರ್ಥವಾಗುತ್ತದೆ. ಅರ್ಥವಾದದ್ದು ಮುಖದಲ್ಲೇ ಕಂಡಿತು.

"ಅಜ್ಜಿ, ಐ ಆಲ್ರೆಡಿ ಕ್ಲಿಕ್ಡ್," ಎಂದಳು ಸಣ್ಣ ದನಿಯಲ್ಲಿ. ನಗುವವಳನ್ನು ಆರಿಸಿ ಆಗಿತ್ತು.

ಇನ್ನೊಬ್ಬಳನ್ನು ಮುಂದಿನ ವರ್ಷ ನೋಡುವಾ, ಅಮ್ಮ, ಎಂದಳು ವನಜ. ಮುಂದಿನ ವರ್ಷ. ತುಟಿ ಬಿಗಿದವಳು ಸ್ಕ್ರೀನಿನಲ್ಲಿ ಹಾಗೇ ನಿಂತಿದ್ದಳು. ಅವಳು ಆಗಲಿಲ್ಲ ಎಂಬ ಕಾಗದ ಆ ಕಡೆಯೂ ಮುಟ್ಟುತ್ತದೆ. ಅದರ ಮಾರನೇ ದಿನ ಅವಳು ಏನು ಮಾಡುತ್ತಾಳೋ, ಅದನ್ನು ಫೋಟೋದ ಕೆಳಗೆ ಯಾರೂ ಬರೆಯುವುದಿಲ್ಲ. ನಾನು ಮಾಡಿದ್ದು ನನಗೆ ಗೊತ್ತು. ಕಾಗದ ಬಂದ ಮಾರನೇ ಬೆಳಿಗ್ಗೆ ಸ್ಲೇಟಿನ ನನ್ನ ಬದಿಯನ್ನು ನೀರುಕಡ್ಡಿಯಿಂದ ಒರೆಸಿ ಸುಂದರಿಯ ಚಾಪೆಯ ಮೇಲೆ ಇಟ್ಟೆ. ಕರೆಯಲು ಬಂದಿದ್ದ ಅಮ್ಮನ ಹಿಂದೆ ಕಾರ್ಖಾನೆಗೆ ಹೋದೆ. ಗೇರಿನ ಎಣ್ಣೆಗೆ ಚರ್ಮ ಸುಲಿಯುತ್ತದೆ, ಕೈಗೆ ಬೂದಿ ಹಚ್ಚಿಕೋ ಎಂದರು. ನಗು ಎಂದು ಯಾರೂ ಹೇಳಲಿಲ್ಲ. ಬೂದಿ ಹಚ್ಚಿಕೊಂಡು ಕೂತೆ.